ಪಂಚತಾಲ್ಲೂಕು ವಸ್ತ್ರವರ್ಣ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಶುರುವಿನಲ್ಲೇ ನಾಲ್ಕು ಸಂಗತಿ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ ಯಾವುದು, ಪ್ರಯೋಜನವೇನು, ಸಂಬಂಧವೇನು, ಓದಲು ಅಧಿಕಾರಿ ಯಾರು. ಪ್ರಸ್ತುತ ಗ್ರಂಥದ ವಿಷಯ ಹೀಗಿದೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಒಬ್ಬ ಮನುಷ್ಯಪ್ರಾಣಿ ಜವಳಿ ಅಂಗಡಿಗೆ ಹೋಗಿ, ತನ್ನ ಮೈಗೂ ಮನಸ್ಸಿಗೂ ಒಪ್ಪುವ ಬಣ್ಣದ ಬಟ್ಟೆಯನ್ನು ತಾನೇ ಆರಿಸಿಕೊಂಡು ಬರುವುದು ಸಾಧ್ಯವೇ? ಪ್ರಯೋಜನ, ಮನೆಯಲ್ಲಿ ಶಾಂತಿ. ಸಂಬಂಧದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಂಬ ಎರಡು ಸಂಬಂಧಗಳಿಲ್ಲದಿದ್ದರೆ ಈ ಸೀಮೆಯ ಅರ್ಧ ಜವಳಿ ಅಂಗಡಿಗಳಿಗೆ ಬೆಳಿಗ್ಗೆ ಶಟರ್ ಎತ್ತುವ ಕಾರಣವೇ ಇರುತ್ತಿರಲಿಲ್ಲ. ಅಧಿಕಾರಿಯ ಪ್ರಶ್ನೆ ಮಾತ್ರ ಜಟಿಲ. ಬಟ್ಟೆ ತೊಡುವವನಿಗೆ ಅದನ್ನು ಆರಿಸುವ ಅಧಿಕಾರವಿಲ್ಲ ಎಂಬುದೇ ಈ ಗ್ರಂಥದ ಪ್ರತಿಪಾದನೆಯಾದ್ದರಿಂದ, ಅಧಿಕಾರ ಯಾರಲ್ಲಿದೆ ಎಂದು ಪ್ರಕರಣ ಪ್ರಕರಣವಾಗಿ ಹುಡುಕುತ್ತ ಹೋಗಬೇಕಾಗಿದೆ.

ಮೂಲಸೂತ್ರ ಒಂದೇ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಇದರ ಪೂರ್ವಾರ್ಧ ನಿಜವಲ್ಲ ಎಂಬುದು ಮದುವೆಯಾದವರಿಗೆಲ್ಲ ಗೊತ್ತು. ಆದ್ದರಿಂದ ಉತ್ತರಾರ್ಧವನ್ನಷ್ಟೇ ಪ್ರಮಾಣವಾಗಿ ಸ್ವೀಕರಿಸಲಾಗಿದೆ.

ಪೂರ್ವಪಕ್ಷ

ಮೊದಲು ಎದುರಾಳಿಯ ವಾದವನ್ನು ಮರ್ಯಾದೆಯಿಂದ ಮಂಡಿಸಬೇಕು. ಜರ್ಮನಿಯ ವೈಮಾರ್ ಪಟ್ಟಣದಲ್ಲಿ 1919ರಲ್ಲಿ ಬೌಹೌಸ್ ಎಂಬ ಕಲಾಶಾಲೆ ತೆರೆಯಿತು. ಅಲ್ಲಿ ಪಾಠ ಹೇಳುತ್ತಿದ್ದ ಸ್ವಿಟ್ಜರ್ಲೆಂಡಿನ ಯೊಹಾನೆಸ್ ಇಟ್ಟೆನ್, ಪ್ರತಿ ಮನುಷ್ಯನಿಗೂ ಅವನದೇ ಆದ ಬಣ್ಣಗಳ ಒಲವು ಇರುತ್ತದೆ, ಬಣ್ಣಗಳನ್ನು ಋತುಗಳಂತೆ ವಿಂಗಡಿಸಬಹುದು ಎಂದು ಹೇಳಿದ. 1980ರಲ್ಲಿ ಅಮೆರಿಕದ ಕ್ಯಾರಲ್ ಜಾಕ್ಸನ್ ಎಂಬಾಕೆ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕ ಬರೆದು, ಈ ವಿಚಾರವನ್ನು ಕನ್ನಡಿಯ ಮುಂದೆ ತಂದು ನಿಲ್ಲಿಸಿದಳು. ಆಕೆಯ ಪ್ರಕಾರ ಮೈಬಣ್ಣ, ಕಣ್ಣು, ಕೂದಲು ನೋಡಿ ಪ್ರತಿಯೊಬ್ಬರನ್ನೂ ವಸಂತ, ಬೇಸಿಗೆ, ಶರತ್ತು, ಚಳಿ ಎಂಬ ನಾಲ್ಕು ಋತುಗಳಲ್ಲಿ ಒಂದಕ್ಕೆ ಸೇರಿಸಬಹುದು. ವಸಂತದವರು ಹವಳದ ಬಣ್ಣ ಉಡಬೇಕು, ಚಳಿಯವರು ಕಡುಗಪ್ಪು ಉಟ್ಟರೂ ನಡೆಯುತ್ತದೆ, ಇತ್ಯಾದಿ.

ಸಿದ್ಧಾಂತ ಚೆನ್ನಾಗಿದೆ. ಆದರೆ ಅದು ಹೊಸಪೇಟೆ ದಾಟಿ ದಕ್ಷಿಣಕ್ಕೆ ಬರುವಷ್ಟರಲ್ಲಿ ಋತುಗಳೇ ಸಾಲುವುದಿಲ್ಲ. ನಮ್ಮಲ್ಲಿ ಕಾಲಗಳು ಮೂರು: ಬಿಸಿಲು ಏರುವ ಕಾಲ, ಬಿಸಿಲು ಇರುವ ಕಾಲ, ಮಳೆ ಬಂತೋ ಇಲ್ಲವೋ ಎಂದು ಅಧಿಕಾರಿಗಳು ಜೀಪಿನಲ್ಲಿ ಬಂದು ಪರಿಶೀಲಿಸುವ ಕಾಲ. ಈ ಲೆಕ್ಕದಲ್ಲಿ ಐದೂ ತಾಲ್ಲೂಕಿನವರು ಹುಟ್ಟಿನಿಂದ ಬೇಸಿಗೆಯ ಜನ. ಅಕ್ಕಿ ಬಣ್ಣದ ಮಗು ಹುಟ್ಟಿದರೂ ಏಪ್ರಿಲ್ ತಿಂಗಳ ಒಂದು ಜಾತ್ರೆ ಮುಗಿಯುವಷ್ಟರಲ್ಲಿ ಎಣ್ಣೆಗೆಂಪಿಗೆ ತಿರುಗಿರುತ್ತದೆ.

ಪರೀಕ್ಷಾ ವಿಧಾನದಲ್ಲಿಯೂ ಪೂರ್ವಪಕ್ಷ ಸೋಲುತ್ತದೆ. ಜಾಕ್ಸನ್ ಮತದವರು ಬೇರೆ ಬೇರೆ ಬಣ್ಣದ ಬಟ್ಟೆಗಳನ್ನು ಗಿರಾಕಿಯ ಗಲ್ಲದ ಕೆಳಗೆ ಹಿಡಿದು, ಮುಖ ಯಾವುದಕ್ಕೆ ಬೆಳಗುತ್ತದೆ ಎಂದು ನೋಡುತ್ತಾರೆ. ನಮ್ಮ ಜವಳಿ ಅಂಗಡಿಯಲ್ಲಿ ಗಾದಿಯ ಮೇಲೆ ನಿಂತ ಸೇಲ್ಸಿನ ಹುಡುಗ, ದಪ್ಪ ಮೀಸೆ ಬಿಟ್ಟವನು, ಸೀರೆಯ ನೆರಿಗೆ ಹಿಡಿದು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು, ಸೆರಗನ್ನು ತನ್ನ ಹೆಗಲ ಮೇಲೇ ಹಾಕಿಕೊಂಡು, ಒಂದು ಕೈ ಚಾಚಿ ನಿಲ್ಲುತ್ತಾನೆ. "ನೋಡ್ರಿ ಅಕ್ಕಾರ, ಸೆರಗು ಹೆಂಗೈತಿ." ಇಲ್ಲಿನ ತರ್ಕ ಸೂಕ್ಷ್ಮವಾದದ್ದು. ಆ ಮೀಸೆಯ ಮೇಲೆ ಚೆನ್ನಾಗಿ ಕಂಡ ಸೀರೆ ಇನ್ನು ಯಾರ ಮೇಲೆ ಚೆನ್ನಾಗಿ ಕಾಣದು? ಮೈಬಣ್ಣದ ಸಿದ್ಧಾಂತವನ್ನು ಒಂದೇ ಏಟಿಗೆ ಬುಡಮೇಲು ಮಾಡುವ ಪ್ರಯೋಗ ಇದು. ಯುರೋಪಿನ ಯಾವ ಕಲಾಶಾಲೆಗೂ ಹೊಳೆದಿರಲಿಲ್ಲ.

ಭೂಮಿ ಪ್ರಕರಣ

ಪಶ್ಚಿಮದವರು ಕಣ್ಣಿನ ಬಣ್ಣ ನೋಡಿದರು, ನೆಲದ ಬಣ್ಣ ನೋಡಲಿಲ್ಲ. ಕೂಡ್ಲಿಗಿ ಸೀಮೆಯ ಮಸಾರಿ ಕೆಂಪು. ತುಂಗಭದ್ರೆಯ ಕಡೆ ಸರಿದಂತೆ ಹಡಗಲಿಯ ಎರೆ ಕಪ್ಪು. ಬೆಳ್ಳಗೆ ಪಂಚೆ ಉಟ್ಟು ಬೈಕಿನ ಹಿಂದೆ ಕೂತು ಮದುವೆಗೆ ಬಂದವನ ಪಂಚೆಯ ಅಂಚು ನೋಡಿದರೆ ಸಾಕು, ಯಾವ ದಿಕ್ಕಿನ ಬೀಗರು ಎಂದು ಊಟದ ಪಂಕ್ತಿಯಲ್ಲಿ ಕೂತವರೇ ಹೇಳಬಲ್ಲರು. ಆಧಾರ್ ಕಾರ್ಡು ಕೇಳುವ ಪ್ರಮೇಯವಿಲ್ಲ. ಅಂದಮೇಲೆ ಬಣ್ಣ ಆರಿಸುವ ಮೊದಲ ಅಧಿಕಾರ ಮಣ್ಣಿಗೆ ಇದೆ ಎಂದಾಯಿತು. ಹೊಲಕ್ಕೆ ಹೋಗುವ ಅಂಗಿಯನ್ನು ಜಾಣರು ಮಣ್ಣಿನ ಬಣ್ಣದಲ್ಲೇ ಕೊಳ್ಳುತ್ತಾರೆ. ಅಂಗಡಿಯವನು ಅದಕ್ಕೆ ಬಿಸ್ಕೆಟ್ ಕಲರ್ ಎನ್ನುತ್ತಾನೆ. ಒಂದು ಮುಂಗಾರು ಕಳೆದ ಮೇಲೆ ಅದು ಹೊಲದ ಕಲರ್.

ಬಿಳುಪಿನ ಬಗ್ಗೆ ಇಲ್ಲಿಯೇ ಒಂದು ಮಾತು. ತೊಳೆದು ತೊಳೆದು ಹಳದಿ ಬಿದ್ದ ಬಟ್ಟೆಗೆ ಕೊನೆಯ ನೀರಿನಲ್ಲಿ ನೀಲಿ ಹಾಕುತ್ತಾರಲ್ಲ, ಅದು ಕೊಳೆ ತೆಗೆಯುವುದಿಲ್ಲ. ಹಳದಿ ಛಾಯೆಗೆ ನೀಲಿ ಎದುರು ನಿಂತು ಅದನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ಅಷ್ಟೆ. ಹೀಗಾಗಿ ನಮ್ಮ ಸೀಮೆಯ ಮುಖಂಡರ ಬಿಳುಪು ಶಾಸ್ತ್ರೀಯವಾಗಿ ನೋಡಿದರೆ ಒಂದು ಬಗೆಯ ತಿಳಿನೀಲಿ. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವಿದೆ. ತನಗೆ ಯಾವ ಬಟ್ಟೆ ಒಪ್ಪುತ್ತದೆ ಎಂಬ ಪ್ರಶ್ನೆಗೆ ಆ ಮನುಷ್ಯ 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ಒಂದೇ ತುಂಡು ಬಟ್ಟೆಯಲ್ಲಿ ಉತ್ತರ ಕೊಟ್ಟಿದ್ದರು. ಸ್ಮಾರಕಕ್ಕೆ ಹಾರ ಹಾಕಲು ಬರುವ ಮುಖಂಡರು ಅವರ ಬಿಳುಪನ್ನು ಉಳಿಸಿಕೊಂಡು ಗಂಜಿಯನ್ನು ಮಾತ್ರ ಹೆಚ್ಚಿಸಿದ್ದಾರೆ. ಗರಿಗರಿ ಬಿಳಿ ಅಂಗಿ ತೊಟ್ಟವನು ಮಸಾರಿ ಹೊಲದಲ್ಲಿ ಕೆಲಸ ಮಾಡುವುದಿಲ್ಲ ಎಂಬುದು ಅನುಮಾನ ಪ್ರಮಾಣದಿಂದ ಸಿದ್ಧ.

ಕಪ್ಪಿಗೆ ಇಲ್ಲಿ ಇಬ್ಬರೇ ಹಕ್ಕುದಾರರು. ಮೇ ತಿಂಗಳ ಬಿಸಿಲಲ್ಲಿ ಕರಿಕೋಟು ತೊಟ್ಟು ತಿರುಗುವವರು ಒಂದು, ಕೋರ್ಟಿನ ವಕೀಲರು. ಇನ್ನೊಂದು, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಕರಡಿಗಳು. ಕರಡಿಯ ಎದೆಯ ಮೇಲೂ ವಕೀಲರ ಬ್ಯಾಂಡಿನ ಹಾಗೆ ಬಿಳಿಯ ಗುರುತು ಇಳಿಬಿದ್ದಿರುತ್ತದೆ ಎಂಬುದನ್ನು ಪ್ರಾಣಿಶಾಸ್ತ್ರಜ್ಞರೂ ಒಪ್ಪುತ್ತಾರೆ. ಇಬ್ಬರಲ್ಲಿ ಯಾರು ಯಾರನ್ನು ನೋಡಿ ಹೊಲಿಸಿದರು ಎಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಪ್ರಮಾಣ ಪ್ರಕರಣ

ಈಗ ಅಂಗಡಿಯ ಒಳಗೆ ಹೋಗೋಣ. ಚಪ್ಪಲಿ ಹೊರಗೆ. ಗಾದಿ, ಮೇಲೆ ಬಿಳಿ ಹಾಸು, ಒಂದು ಕಡೆ ಸ್ಟೂಲಿನ ಮೇಲೆ ಮಜ್ಜಿಗೆಯೋ ಚಹವೋ. ಸತ್ಯವನ್ನು ಅರಿಯಲು ನ್ಯಾಯಶಾಸ್ತ್ರ ಹೇಳುವ ನಾಲ್ಕು ಪ್ರಮಾಣಗಳು, ಅಂದರೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಇಷ್ಟೂ ಈ ಹಾಸಿನ ಮೇಲೆಯೇ ನಡೆಯುತ್ತವೆ.

ಪ್ರತ್ಯಕ್ಷದಿಂದ ಶುರು ಮಾಡೋಣ, ಏಕೆಂದರೆ ಅದೇ ಮೊದಲು ಕೈಕೊಡುವುದು. ಟ್ಯೂಬ್‌ಲೈಟಿನ ಕೆಳಗೆ ಗಿಣಿಹಸಿರಾಗಿ ಕಂಡ ಸೀರೆ ಮನೆಯಂಗಳದಲ್ಲಿ ಪಾಚಿಹಸಿರಾಗುತ್ತದೆ. ಅಂಗಡಿಯವನ ಮೋಸವಲ್ಲ ಇದು, ಬೆಳಕಿನ ಸ್ವಭಾವ. ಬಟ್ಟೆಗೆ ಸ್ವಂತ ಬಣ್ಣ ಎಂಬುದಿಲ್ಲ. ಬಿದ್ದ ಬೆಳಕಿನಲ್ಲಿ ಯಾವ ಭಾಗವನ್ನು ಹಿಂದಕ್ಕೆ ಕಳಿಸುತ್ತದೆಯೋ ಅದೇ ನಮಗೆ ಕಾಣುವ ಬಣ್ಣ. ಸೂರ್ಯನಲ್ಲಿರುವಷ್ಟು ಬಗೆಯ ಕಿರಣಗಳು ಟ್ಯೂಬ್‌ಲೈಟಿನಲ್ಲಿ ಇರುವುದಿಲ್ಲ. ಹಾಗಾಗಿ ಎರಡು ಬೇರೆ ಬೇರೆ ಬಣ್ಣದ ಅದ್ದಿಕೆಯ ಬಟ್ಟೆಗಳು ಒಂದು ಬೆಳಕಿನಲ್ಲಿ ಅವಳಿಗಳಂತೆ ಕಂಡು, ಇನ್ನೊಂದು ಬೆಳಕಿನಲ್ಲಿ ದಾಯಾದಿಗಳಾಗಬಹುದು. ವಿಜ್ಞಾನಿಗಳು ಇದಕ್ಕೆ ಮೆಟಾಮರಿಸಂ ಎನ್ನುತ್ತಾರೆ. ಹರಪನಹಳ್ಳಿಯ ಅಜ್ಜಿ ಇದಕ್ಕೆ ಏನೂ ಹೆಸರಿಡದೆ, ಸೀರೆಯ ಒಂದು ತುದಿ ಹಿಡಿದುಕೊಂಡು ಎದ್ದು ನಿಲ್ಲುತ್ತಾಳೆ. "ಹೊರಗ ಬಾಗಿಲಿಗೆ ಹಿಡಿಯಪ್ಪ, ಬಿಸಿಲಿಗೆ ನೋಡಾನ." ಆಗ ಹುಡುಗ ಒಂದು ತುದಿ, ಅಜ್ಜಿ ಒಂದು ತುದಿ, ಐದೂವರೆ ಮೀಟರ್ ಸೀರೆ ಹೊಸ್ತಿಲು ದಾಟಿ ಬೀದಿಗೆ ಬರುತ್ತದೆ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಅಭಿಪ್ರಾಯ ಹೇಳುತ್ತಾರೆ. ಮೂಲಸೂತ್ರದ ಪರರು ಯಾರು ಎಂಬ ಪ್ರಶ್ನೆಗೆ ಇಲ್ಲಿ ಭಾಗಶಃ ಉತ್ತರ ಸಿಗುತ್ತದೆ.

ಪ್ರತ್ಯಕ್ಷಕ್ಕೆ ಇನ್ನೊಂದು ಶತ್ರುವಿದೆ, ಪಕ್ಕದ ಸೀರೆ. ಪ್ಯಾರಿಸ್ಸಿನ ಗೋಬ್ಲಾ ನೆಯ್ಗೆಯ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಎಂಬ ದೂರು ಬಂತು. ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ದೋಷವಿರಲಿಲ್ಲ. ಅದರ ಪಕ್ಕ ನೇಯ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. 1839ರಲ್ಲಿ ಅವನು ಇದರ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದ. ಎರಡು ಬಣ್ಣ ಒಟ್ಟಿಗೆ ಇಟ್ಟರೆ ಎರಡೂ ಒಂದನ್ನೊಂದು ಬದಲಿಸುತ್ತವೆ ಎಂಬುದು ಅದರ ಸಾರ. ನಮ್ಮ ಸೇಲ್ಸಿನ ಹುಡುಗರು ಈ ಗ್ರಂಥವನ್ನು ಓದಿಲ್ಲ. ಆದರೆ ಸಾಗದೆ ಉಳಿದ ಮಂಕು ಸೀರೆಯೊಂದನ್ನು ಅದಕ್ಕಿಂತ ಮಂಕಾದ ಎರಡು ಸೀರೆಗಳ ನಡುವೆ ಬಿಡಿಸಿ ಹಾಸುವುದನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ.

ಇನ್ನು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಶಾಸ್ತ್ರದ ಉದಾಹರಣೆ. ಅಂಗಡಿಯಲ್ಲಿ ಇದು, "ಇಷ್ಟು ಕಮ್ಮಿಗೆ ಕೊಡ್ತಾನ ಅಂದ್ರ ಒಂದ್ ನೀರಿಗೆ ಹೋಗೋ ಬಣ್ಣ" ಎಂಬ ರೂಪ ತಾಳುತ್ತದೆ. ಉಪಮಾನ ಎಂದರೆ, "ನಮ್ಮ ಓರಗಿತ್ತಿ ಗೃಹಪ್ರವೇಶಕ್ಕ ಉಟ್ಟಿದ್ದಳಲ್ಲ, ಅಂಥಾದ್ದ, ಆದ್ರ ಅದಲ್ಲ." ಈ ವಾಕ್ಯದ ಅರ್ಥ ಹುಡುಗನಿಗೆ ತಕ್ಷಣ ಆಗುತ್ತದೆ, ಗಂಡನಿಗೆ ಎಂದೂ ಆಗುವುದಿಲ್ಲ. ಕೊನೆಯದು ಶಬ್ದ, ಆಪ್ತವಾಕ್ಯ. ಮೂವತ್ತು ಸೀರೆಗಳ ಗುಡ್ಡೆ ಬಿದ್ದ ಮೇಲೆ, ಎಲ್ಲರಿಗೂ ಹಸಿವಾದ ಹೊತ್ತಿಗೆ, ಗಲ್ಲಾಪೆಟ್ಟಿಗೆಯ ಕಡೆಯಿಂದ ಯಜಮಾನರ ದನಿ ಬರುತ್ತದೆ: "ಅದ ಇರ್ಲಿ ಬಿಡವ್ವ, ನಿನಗ ಭಾಳ ಒಪ್ತೈತಿ." ವೇದವಾಕ್ಯದಂತೆ ಇದಕ್ಕೂ ಕಾರಣ ಕೇಳುವಂತಿಲ್ಲ. ಪ್ಯಾಕ್ ಆಗುತ್ತದೆ.

ಮೀಮಾಂಸಕರಲ್ಲಿ ಕೆಲವರು ಅನುಪಲಬ್ಧಿ ಎಂಬ ಇನ್ನೊಂದು ಪ್ರಮಾಣವನ್ನೂ ಒಪ್ಪುತ್ತಾರೆ. ಕಾಣದಿರುವುದರಿಂದಲೇ ಇಲ್ಲ ಎಂದು ತಿಳಿಯುವುದು. ಈರುಳ್ಳಿ ಸಿಪ್ಪೆ ಬಣ್ಣದಲ್ಲಿ ಚಿಕ್ಕ ಅಂಚು ಬೇಕೆಂದಾಗ ಈ ಪ್ರಮಾಣದ ಅನುಭವವಾಗುತ್ತದೆ. ಆಗ ಇಡೀ ಕುಟುಂಬ ಬಸ್ಸು ಹತ್ತಿ ದಾವಣಗೆರೆಗೆ ಹೋಗುತ್ತದೆ. ಒಂದು ಕಾಲಕ್ಕೆ ಹತ್ತಿಗಿರಣಿಗಳ ಸೈರನ್ನು ಕೇಳುತ್ತಿದ್ದ ಆ ಊರಿನಲ್ಲಿ ಐದು ಅಂತಸ್ತಿನ ಜವಳಿ ಮಳಿಗೆಗಳಿವೆ. ಅಲ್ಲಿ ಅದೇ ಬಣ್ಣ ಇನ್ನೂರು ರೂಪಾಯಿ ಹೆಚ್ಚಿಗೆ ಇರುತ್ತದೆ, ಎಸಿಯಲ್ಲಿ.

ಬಣ್ಣಗಳ ವರ್ಗೀಕರಣದ ಬಗ್ಗೆ ಪ್ರಾಚೀನರು ನವರತ್ನ, ಪಂಚಭೂತ ಎಂದೆಲ್ಲ ಹೇಳಿದ್ದಾರೆ. ಪ್ರಸ್ತುತ ಗ್ರಂಥಕಾರನ ಕ್ಷೇತ್ರಕಾರ್ಯದಲ್ಲಿ ಕಂಡದ್ದು ಎರಡೇ ವರ್ಗ: ತಿನ್ನುವ ಬಣ್ಣ, ತಿನ್ನಲಾರದ ಬಣ್ಣ. ಬದನೆಕಾಯಿ, ಮೆಂತ್ಯ, ಈರುಳ್ಳಿ ಸಿಪ್ಪೆ, ಪಿಸ್ತಾ, ಚಾಕ್ಲೇಟು, ಬಿಸ್ಕೆಟ್ಟು, ನೇರಳೆ ಮೊದಲ ವರ್ಗ. ಸಿಮೆಂಟು, ಬಾಟಲಿ ಹಸಿರು ಎರಡನೆಯದು. ಹೊಟ್ಟೆ ಹಸಿದಾಗ ಬಟ್ಟೆ ಕೊಳ್ಳಲು ಹೋಗಬಾರದೆಂಬ ನಿಯಮ ಇಲ್ಲಿಂದಲೇ ಬಂದಿರಬೇಕು.

ಮ್ಯಾಚಿಂಗ್ ಪ್ರಕರಣ

ಸೀರೆ ಸಿಕ್ಕಿತು. ಇಷ್ಟಕ್ಕೆ ಗ್ರಂಥ ಮುಗಿಯಿತೆಂದುಕೊಂಡವರು ಗಂಡಸರು. ಕುಪ್ಪಸದ ಬಟ್ಟೆ, ಲೈನಿಂಗು, ಫಾಲು, ದಾರ, ಲಂಗ, ಬಳೆ, ಕೊನೆಗೆ ಸೇಫ್ಟಿಪಿನ್ನಿನ ತಲೆ, ಎಲ್ಲವೂ ಅದೇ ಬಣ್ಣದಲ್ಲಿ ಸಿಗಬೇಕು. ಇದಕ್ಕಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಿರಿದಾದ ಮಳಿಗೆಯಲ್ಲಿ, ನೆಲದಿಂದ ಸೂರಿನ ತನಕ ಸುರುಳಿ ಸುರುಳಿ ಬಟ್ಟೆಗಳ ನಡುವೆ ಕೂತ ಮ್ಯಾಚಿಂಗ್ ಸೆಂಟರಿನ ಮನುಷ್ಯನಿದ್ದಾನೆ. ಈ ಸೀಮೆಯ ನಿಜವಾದ ವರ್ಣಪಂಡಿತ ಇವನೇ ಎಂದು ಗ್ರಂಥಕಾರನ ನಿಶ್ಚಿತ ಮತ. ಸೀರೆಯ ತುದಿಯಿಂದ ಕಿತ್ತ ಎರಡಿಂಚು ನೂಲನ್ನು ಅವನ ಅಂಗೈ ಮೇಲಿಟ್ಟರೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಎಡಗಡೆ ಮೂರನೆಯ ಸಾಲಿಗೆ ಕೋಲು ಚುಚ್ಚುತ್ತಾನೆ. ರಾಮಾ ಹಸಿರು ಒಂದರಲ್ಲೇ ಅವನ ಬಳಿ ಹತ್ತಾರು ಛಾಯೆ. ಅವನಿಗೆ ಇಟ್ಟೆನ್ ಗೊತ್ತಿಲ್ಲ, ಶೆವ್ರಲ್ ಗೊತ್ತಿಲ್ಲ. ಆದರೆ ಮೀಟರಿಗೆ ಮೂವತ್ತೋ ನಲವತ್ತೋ ರೂಪಾಯಿಯ ವ್ಯವಹಾರಕ್ಕೆ ಅವನು ತೋರುವ ವರ್ಣನಿಷ್ಠೆಯನ್ನು ಗ್ರಂಥಕಾರ ಬೇರೆಲ್ಲೂ ಕಂಡಿಲ್ಲ. "ಇದು ಅಲ್ಲಕ್ಕಾ, ಒಂದ್ ಎಳಿ ಡಾರ್ಕ್ ಆಗ್ತೈತಿ, ನಾಳಿ ಬಾ, ತರಸ್ತೀನಿ." ಗಿರಾಕಿಯನ್ನು ವಾಪಸ್ ಕಳಿಸುವ ವ್ಯಾಪಾರಿ!

ಇಳಕಲ್ ಸೀರೆ ಉಡುವ ಹಿರಿಯರಿಗೆ ಈ ಗೋಳಿರಲಿಲ್ಲ. ಮೈ ಯಾವ ಬಣ್ಣದ್ದಾದರೂ ಸೆರಗು ಕೆಂಪು ರೇಷ್ಮೆಯದೇ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಒಂದು ಮಾಡುವ ತೋಪು ತೆನಿಯ ಕಸುಬಿನಲ್ಲಿ, ಆಯ್ಕೆಯ ಅರ್ಧ ಭಾಗವನ್ನು ನೇಕಾರನೇ ಮುಗಿಸಿಟ್ಟಿರುತ್ತಿದ್ದ. ಗುಳೇದಗುಡ್ಡದ ಖಣವೊಂದು ಸಿಕ್ಕರೆ ಉಳಿದರ್ಧವೂ ಮುಗಿಯಿತು. ಹಡಗಲಿಯ ಮಲ್ಲಿಗೆಯನ್ನು ಕೂಡ ಇಲ್ಲಿ ನೆನೆಯಬೇಕು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಹೂವು ಯಾವ ಸೀರೆಯ ಮೇಲೆ ಮುಡಿದರೂ ಹೊಂದುತ್ತದೆ. ಮ್ಯಾಚಿಂಗ್ ಸೆಂಟರಿಗೆ ಹೋಗದೆ ಮ್ಯಾಚ್ ಆಗುವ ಏಕೈಕ ವಸ್ತು.

ಮುಯ್ಯಿ ಪ್ರಕರಣ

ಇದುವರೆಗಿನ ಚರ್ಚೆ ಒಂದು ತಪ್ಪು ಗ್ರಹಿಕೆಯ ಮೇಲೆ ನಿಂತಿದೆ. ಜನ ತಾವು ಉಡುವುದಕ್ಕೆ ಬಟ್ಟೆ ಕೊಳ್ಳುತ್ತಾರೆ ಎಂಬುದು ಆ ಗ್ರಹಿಕೆ. ಮೆಕ್ಕೆಜೋಳ ಮಾರಿ ದುಡ್ಡು ಬಂದ ಮೇಲೆ ಹರಪನಹಳ್ಳಿ ಕಡೆಯ ಒಂದು ಕುಟುಂಬ ಮದುವೆ ಜವಳಿಗೆ ಹೋದರೆ, ಚೀಟಿಯಲ್ಲಿ ಬರೆದ ನಲವತ್ತು ಸೀರೆಗಳಲ್ಲಿ ಮನೆಯವರು ಉಡುವುದು ಐದಾರು. ಉಳಿದವು ಕೊಡುವುದಕ್ಕೆ. ಕೊಡುವ ಸೀರೆಯ ಶಾಸ್ತ್ರವೇ ಬೇರೆ. ಅದು ಅಗ್ಗವಾಗಿರಬೇಕು, ಅಗ್ಗವೆಂದು ಕಾಣಬಾರದು. ಯಾರಿಗೂ ಇಷ್ಟವಾಗುವಂತಿರಬಾರದು, ಏಕೆಂದರೆ ಇಷ್ಟವಾದರೆ ಕೊಡುವ ಮೊದಲೇ ಮನೆಯ ಸೊಸೆಯರು ತೆಗೆದಿಟ್ಟುಕೊಳ್ಳುತ್ತಾರೆ. ಹಾಗೆಂದು ಯಾರೂ ಬೈಯುವಂತೆಯೂ ಇರಬಾರದು. ಈ ಮೂರು ನಿಬಂಧನೆಗಳನ್ನೂ ಪೂರೈಸುವ ಒಂದು ವಿಶಿಷ್ಟ ಬಣ್ಣವಿದೆ. ಗುಲಾಬಿಗೂ ಇಟ್ಟಿಗೆಗೂ ನಡುವಿನದು, ಅಂಚಿಗೆ ಹೊಳೆಯುವ ಜರಿಯಂಥದ್ದು. ಯಾವ ವರ್ಣಚಕ್ರದಲ್ಲೂ ಅದಕ್ಕೆ ಸ್ಥಾನವಿಲ್ಲ. ಮುಯ್ಯಿ ಬಣ್ಣ ಎಂದೇ ಅದನ್ನು ಕರೆಯಬೇಕು.

ಈ ಸೀರೆಯ ಜೀವನಕ್ರಮ ಸಂಶೋಧಕರ ಕುತೂಹಲಕ್ಕೆ ಅರ್ಹ. ಕೊಟ್ಟೂರಿನ ಮದುವೆಯಲ್ಲಿ ಬೀಗತಿಗೆ ಕೊಟ್ಟದ್ದು ಅವಳ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಒಂದು ಶ್ರಾವಣ ಕಳೆಯುತ್ತದೆ. ಹಗರಿಬೊಮ್ಮನಹಳ್ಳಿಯ ಗೃಹಪ್ರವೇಶಕ್ಕೆ ಹೋಗುತ್ತದೆ. ಅಲ್ಲಿಂದ ಕೂಡ್ಲಿಗಿಯ ನಾಮಕರಣ, ಹಡಗಲಿಯ ಜವಳ. ಎಲ್ಲೂ ಮಡಿಕೆ ಬಿಚ್ಚುವುದಿಲ್ಲ, ಹಾಗಾಗಿ ಬಣ್ಣ ಮಾಸುವುದೂ ಇಲ್ಲ. ಕಡೆಗೊಂದು ದಿನ ಹೊರಟ ಮನೆಗೇ ಬಂದು ಸೇರುತ್ತದೆ, ರವಿಕೆ ಪೀಸು ಮಾತ್ರ ಬದಲಾಗಿರುತ್ತದೆ. ಉಡಿ ತುಂಬುವಾಗ ಅಕ್ಕಿ, ಎಲೆ, ಅಡಿಕೆಯ ಜೊತೆ ಇಡುವ ರವಿಕೆ ಪೀಸಿನ ಪ್ರಯಾಣವಂತೂ ಇನ್ನೂ ದೂರದ್ದು. ಯಾರಿಗೂ ಒಪ್ಪದ ಬಣ್ಣವೇ ಎಲ್ಲರಿಗಿಂತ ಹೆಚ್ಚು ಬಾಳುತ್ತದೆ ಎಂಬ ಈ ಸತ್ಯವನ್ನು ಪೂರ್ವಪಕ್ಷದವರ ಯಾವ ಪುಸ್ತಕವೂ ವಿವರಿಸಲಾರದು.

ಗಂಡಸರಿಗೆ ಪ್ಯಾಂಟ್ ಪೀಸು, ಶರ್ಟ್ ಪೀಸು. ಇಲ್ಲಿ ಹಿಂದಿನವರದು ಸರಳ ಕ್ರಮ. ಒಂದೇ ತಾನು ತಂದು ಮನೆಯ ಗಂಡುಮಕ್ಕಳಿಗೆಲ್ಲ ಒಂದೇ ಅಂಗಿ. ಟೇಲರಿಗೆ ಒಂದೇ ಸೂಚನೆ: "ಬೆಳಿಯೋ ಹುಡುಗರು, ಒಂದೀಟು ಸಡಿಲ ಹೊಲಿ." ಕೊಟ್ಟೂರೇಶ್ವರನ ತೇರಿನಲ್ಲಿ ಒಬ್ಬ ಹುಡುಗ ತಪ್ಪಿಸಿಕೊಂಡರೆ, ಉಳಿದವರಲ್ಲಿ ಒಬ್ಬನನ್ನು ಹಿಡಿದು ಪೊಲೀಸರಿಗೆ ತೋರಿಸಿದರೆ ಆಯಿತು, ಇಂಥದೇ ಅಂಗಿ ಎಂದು. ವೈಯಕ್ತಿಕ ಶೈಲಿ ಎಂಬುದು ಹುಡುಕಿಕೊಡಲಾರದ ಮಕ್ಕಳನ್ನು ತಾನಿನ ಬಟ್ಟೆ ಹುಡುಕಿಕೊಟ್ಟಿದೆ.

ದೈವ ಪ್ರಕರಣ

ಮಣ್ಣು, ಮೀಸೆ, ಬೀಗರು, ಇಷ್ಟೂ ಜನ ಪಾಲು ಪಡೆದ ಮೇಲೆ ಉಳಿದ ಅಧಿಕಾರ ದೇವರದು. ಕೊಟ್ಟೂರು ತಾಲ್ಲೂಕಿನ ಉಜ್ಜಿನಿ, ವೀರಶೈವರ ಪಂಚಪೀಠಗಳಲ್ಲಿ ಒಂದು. ಬಾಳೆಹೊನ್ನೂರಿಗೆ ಹಸಿರು, ಕೇದಾರಕ್ಕೆ ನೀಲಿ, ಶ್ರೀಶೈಲಕ್ಕೆ ಬಿಳಿ, ಕಾಶಿಗೆ ಹಳದಿ, ಉಜ್ಜಿನಿಗೆ ಕೆಂಪು. ಕೆಂಪು ಮಣ್ಣಿನ ಪಕ್ಕದಲ್ಲೇ ಕೆಂಪು ಪೀಠವಿದೆಯಲ್ಲ, ಇದನ್ನು ಕಾಕತಾಳೀಯ ಎನ್ನುವವರು ಶಾಸ್ತ್ರ ಓದಿದವರಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬಣ್ಣದ ಸಮಸ್ಯೆಗೆ ಸಾಮೂಹಿಕ ಪರಿಹಾರವಿದೆ. ಜಾತ್ರೆಗೆ ಏನು ಉಟ್ಟು ಹೋದರೂ ಹೊರಬರುವಾಗ ಎಲ್ಲರೂ ಹಳದಿ. ಕಾರಣ, ಭಂಡಾರ. ಕರಿ ಕಂಬಳಿ ತೊಟ್ಟ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಕೆಳಗೆ ನಿಂತ ಲಕ್ಷ ಲಕ್ಷ ಜನರಲ್ಲಿ ಯಾರು ಬ್ರ್ಯಾಂಡೆಡ್, ಯಾರು ಸಂತೆಯ ಅಂಗಿ ಎಂದು ಹೇಳಲು ಸಾಧ್ಯವಿಲ್ಲ. ಮನೆಗೆ ಬಂದು ಸೋಪು ಹಚ್ಚಿದವರಿಗೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಕ್ಷಾರ ತಾಗಿದ ಅರಿಶಿಣ ಕೆಂಪಾಗುತ್ತದೆ. ಅರಿಶಿಣಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವ ಗುಟ್ಟೂ ಇದೇ. ಕೊಟ್ಟೂರಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಿಳಿ ಅಂಗಿಯ ಮೇಲೆ ಕೈ ಒರೆಸಿಕೊಂಡವರೂ ಈ ರಸಾಯನವನ್ನು ಮನೆಯಲ್ಲೇ ಮಾಡಿ ನೋಡಬಹುದು. ಗಾಬರಿ ಬೇಡ. ಅರಿಶಿಣದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಐದು ತಾಲ್ಲೂಕಿನ ಬಿಸಿಲಲ್ಲಿ ಒಣಹಾಕಿದರೆ ತಾನಾಗಿಯೇ ಹೋಗುತ್ತದೆ. ಪ್ರಪಂಚದಲ್ಲಿ ಬಿಲ್ಲು ಕೊಡದ ಡ್ರೈಕ್ಲೀನರ್ ಈ ಸೂರ್ಯನೊಬ್ಬನೇ.

ಹೆಗಲಿನ ಶಲ್ಯವೂ ದೈವಕ್ಕೆ ಸೇರಿದ್ದೋ ರಾಜಕೀಯಕ್ಕೆ ಸೇರಿದ್ದೋ ಎಂಬುದು ವಾದಗ್ರಸ್ತ. 1980ರಲ್ಲಿ ರೈತ ಸಂಘ ಹುಟ್ಟಿದ ಮೇಲೆ ಹಸಿರು ಶಲ್ಯ ಬಂತು. ಕೆಂಪು ಮೊದಲೇ ಇತ್ತು. ನೀಲಿ, ಕೇಸರಿ, ಹಳದಿ-ಕೆಂಪು ಸೇರಿಕೊಂಡವು. ತಾಲ್ಲೂಕು ಕಚೇರಿಯ ಮುಂದೆ ಯಾವ ದಿನ ಯಾವ ಧರಣಿ ಇದೆಯೋ ಮೊದಲೇ ತಿಳಿಯುವುದಿಲ್ಲವಾದ್ದರಿಂದ ದೂರದೃಷ್ಟಿಯುಳ್ಳ ಯುವ ಮುಖಂಡರು ಬೈಕಿನ ಡಿಕ್ಕಿಯಲ್ಲಿ ಐದನ್ನೂ ಇಟ್ಟುಕೊಂಡಿರುತ್ತಾರೆ. ಅವರನ್ನು ಆಡಿಕೊಳ್ಳುವುದು ತರವಲ್ಲ. ಹರಪನಹಳ್ಳಿ ತಾಲ್ಲೂಕೇ 1997ರಲ್ಲಿ ಬಳ್ಳಾರಿಯನ್ನು ಕಳಚಿ ದಾವಣಗೆರೆಯನ್ನು ಉಟ್ಟಿತು, ಸಂವಿಧಾನದ 371 (ಜೆ) ವಿಧಿಯ ಸವಲತ್ತಿಗಾಗಿ ಮತ್ತೆ ಬಳ್ಳಾರಿಯನ್ನು ತೊಟ್ಟಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆ ಆದಾಗ ಅದನ್ನೂ ಧರಿಸಿತು. ಪ್ರತಿ ಸಲವೂ ಅಳತೆ ಸರಿಯಾಗಿದೆ ಎಂದೇ ಸರ್ಕಾರದ ಟೇಲರ್ ಹೇಳಿದ.

ಅಪವಾದ

ಪ್ರಾಮಾಣಿಕ ಶಾಸ್ತ್ರಕಾರ ತನ್ನ ಸಿದ್ಧಾಂತಕ್ಕೆ ಎದುರಾಗುವ ಸಂಗತಿಯನ್ನು ಮುಚ್ಚಿಡಬಾರದು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಹಿರಿಯ ಹೆಣ್ಣುಮಕ್ಕಳು ತೊಡುವ ಫೇಟಿಯಾ, ಕಾಂಚಳಿಗಳನ್ನು ನೋಡಿದರೆ ಈವರೆಗಿನ ಪ್ರಕರಣಗಳೆಲ್ಲ ತತ್ತರಿಸುತ್ತವೆ. ಯಾವ ಬಣ್ಣ ನನಗೆ ಒಪ್ಪುತ್ತದೆ ಎಂಬ ಪ್ರಶ್ನೆಗೆ ಅವರ ಉತ್ತರ, ಎಲ್ಲವೂ. ಕೆಂಪು, ಹಳದಿ, ನೀಲಿ, ಹಸಿರು ಒಂದೇ ಬಟ್ಟೆಯಲ್ಲಿ, ಜೊತೆಗೆ ಕವಡೆ, ನಾಣ್ಯ, ಕನ್ನಡಿ ಚೂರು. ಮಣ್ಣಿಗೆ ಹೆದರಿ ಮಣ್ಣಿನ ಬಣ್ಣ ತೊಡಲಿಲ್ಲ. ಮ್ಯಾಚಿಂಗ್ ಸೆಂಟರಿಗೆ ಕಾಲಿಡಲಿಲ್ಲ. ತಾವೇ ಕೂತು ಹೊಲಿದರು. ಪಕ್ಕದ ಸಂಡೂರಿನಲ್ಲಿ ಈ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ, ಪಟ್ಟಣದ ಹೆಂಗಸರು ಅದನ್ನು ಕುಶನ್ ಕವರಾಗಿ ಕೊಳ್ಳುತ್ತಾರೆ. ನೋಟ ಪರರಿಚ್ಛೆ ಎಂಬ ಸೂತ್ರವನ್ನು ಅವರು ತಿರುವಿ ಹಾಕಿದ ರೀತಿಯಂತೂ ತರ್ಕಶಾಸ್ತ್ರದಲ್ಲೇ ಅಪೂರ್ವ. ಏನು ಉಟ್ಟಿದ್ದಾಳೆ ನೋಡೋಣ ಎಂದು ಹತ್ತಿರ ಬಂದವನಿಗೆ ಆ ಕನ್ನಡಿಗಳಲ್ಲಿ ಕಾಣುವುದು ಅವನದೇ ಮುಖ, ಇಪ್ಪತ್ತು ಚೂರಾಗಿ. ಹಾಗೆ ನೋಡಿದರೆ ಅಧಿಕಾರಿ ಯಾರೆಂಬ ಪ್ರಶ್ನೆಗೆ ಈ ಗ್ರಂಥದಲ್ಲಿ ಸಿಕ್ಕ ನೇರ ಉತ್ತರ ಇದೊಂದೇ. ಅವರ ಮೊಮ್ಮಕ್ಕಳು ಈಗ ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ತೊಟ್ಟು ಕಾಲೇಜಿಗೆ ಹೋಗುತ್ತಾರೆ. ಶಾಸ್ತ್ರ ನಿಂತ ನೀರಲ್ಲ.

ಇತಿಹಾಸದ ಆಧಾರವಿಲ್ಲದ ಗ್ರಂಥಕ್ಕೆ ಮರ್ಯಾದೆಯಿಲ್ಲವಾದ್ದರಿಂದ ಅದನ್ನೂ ಇಲ್ಲಿ ಸೇರಿಸುವುದಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯ ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಉಡುಪು ತೊಟ್ಟಿದ್ದನ್ನು ಬರೆದಿದ್ದಾನೆ. ಅನಂತರ ಅಚ್ಯುತರಾಯನ ಕಾಲದಲ್ಲಿದ್ದ ಕುದುರೆ ವ್ಯಾಪಾರಿ ನೂನಿಜ್, ದೊರೆ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲ ಎಂದಿದ್ದಾನೆ. ಅದೇ ಸಾಮ್ರಾಜ್ಯದ ಹೆಸರು ಹೊತ್ತ ಇಂದಿನ ಜಿಲ್ಲೆಯಲ್ಲಿ ಒಂದು ಅಂಗಿಗೆ ಕನಿಷ್ಠ ಆರು ಜನ್ಮ. ಮೊದಲು ಮದುವೆಗೆ, ಆಮೇಲೆ ಆಫೀಸಿಗೆ, ಆಮೇಲೆ ಮನೆಯಲ್ಲಿ, ಆಮೇಲೆ ತಮ್ಮನಿಗೆ, ಆಮೇಲೆ ಹೊಲಕ್ಕೆ, ಆಮೇಲೆ ಬೈಕು ಒರೆಸಲು. ಸೀರೆಯಾದರೆ ಏಳನೆಯ ಜನ್ಮವೂ ಇದೆ, ಕೌದಿ. ಅಟ್ಟದ ಮೇಲಿಂದ ಇಳಿಸಿದ ಹಳೇ ಸೀರೆಗಳನ್ನು ಕತ್ತರಿಸಿ, ಪದರ ಪದರ ಹಾಸಿ ಹೊಲಿದಾಗ, ಅತ್ತೆಯ ಬದನೆಕಾಯಿ ಬಣ್ಣದ ಪಕ್ಕ ಸೊಸೆಯ ಪಿಸ್ತಾ, ಕುಬುಸದ ಹಸಿರಿನ ಪಕ್ಕ ಮುಯ್ಯಿಯ ಆ ಹೆಸರಿಲ್ಲದ ಗುಲಾಬಿ. ಜೀವಮಾನವಿಡೀ ಯಾವುದಕ್ಕೆ ಯಾವುದು ಮ್ಯಾಚ್ ಎಂದು ಜಗಳವಾಡಿದವು ಒಂದೇ ದಾರದಲ್ಲಿ ಬಿದ್ದುಕೊಳ್ಳುತ್ತವೆ. ಡಿಸೆಂಬರ್ ತಿಂಗಳ ಬೆಳಗಿನ ಜಾವ ಅದನ್ನು ಹೊದ್ದವರು ಯಾರೂ ಬಣ್ಣದ ಬಗ್ಗೆ ದೂರು ಹೇಳಿದ್ದನ್ನು ಗ್ರಂಥಕಾರ ಕೇಳಿಲ್ಲ.

ಫಲಶ್ರುತಿ

ಆಷಾಢದ ಡಿಸ್ಕೌಂಟು ಶುರುವಾಗುವ ಮುನ್ನಾದಿನ ಈ ಮೀಮಾಂಸೆಯನ್ನು ಶುಚಿಯಾಗಿ ಓದಿದವರಿಗೆ ಫಾಲಿನ ಬಣ್ಣ ತಪ್ಪದು. ನಿತ್ಯವೂ ಪಾರಾಯಣ ಮಾಡುವ ಗಂಡನಿಗೆ, "ಹೆಂಗೈತಿ ಸೀರಿ?" ಎಂದು ಕೇಳಿದಾಗ ಎರಡು ಕ್ಷಣ ತಡವರಿಸದೆ ಉತ್ತರ ಕೊಡುವ ವಾಕ್ಸಿದ್ಧಿ ಉಂಟಾಗುವುದು. ಟೇಲರ್ ಹೇಳಿದ ದಿನಕ್ಕೇ ಬಟ್ಟೆ ಕೊಡಬೇಕೆಂಬ ಕಾಮನೆಯುಳ್ಳವರು ನೂರೆಂಟು ಬಾರಿ ಪಠಿಸಬೇಕು. ಆದರೆ ಅದರ ಫಲಕ್ಕೆ ಗ್ರಂಥಕಾರ ಜವಾಬ್ದಾರನಲ್ಲ. ಗ್ರಂಥದ ಪ್ರತಿಪಾದನೆ ತಮ್ಮ ಮೈಗೆ ಹೊಂದುತ್ತಿಲ್ಲ ಎನಿಸಿದವರು, ಹಬ್ಬದ ದಿನಗಳನ್ನು ಬಿಟ್ಟು, ಮಧ್ಯಾಹ್ನ 12ರಿಂದ 4ರ ಒಳಗೆ, ಮಡಿಕೆ ಬಿಚ್ಚದೆ, ಬಿಲ್ಲಿನ ಸಮೇತ ಬರತಕ್ಕದ್ದು. ಬೇರೆ ಗ್ರಂಥ ಕೊಡಲಾಗುವುದು. ಹಣ ವಾಪಸ್ ಇಲ್ಲ.